ನಗ್ಗಿದ ಬಂಪರು

ಕಳೆದ ತಿಂಗಳ ಸಂಚಿಕೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಕಾಪಾಡುವ ಕ್ರಮವನ್ನು ಕುರಿತು ಬರೆಯುತ್ತ, ನಗ್ಗಿದ ಚೊಂಬನ್ನು ಒಳಗಿನಿಂದ ಮರದ ಕೊಡತಿಯಿಂದ ಮೆಲ್ಲಮೆಲ್ಲಗೆ ತಟ್ಟಿ ಎತ್ತಬೇಕೆಂದು ನಾವು ಹೇಳಿದ್ದೆವಷ್ಟೆ. ಅದನ್ನೋದಿದ ನೆರೆಯ ಮಿತ್ರರೊಬ್ಬರು ಬೆಳಗಿನ ಸಂಚಾರದಲ್ಲಿ ನಮ್ಮನ್ನು ಕಂಡು, "ಮೇಷ್ಟ್ರೇ, ಚೊಂಬಿನ ಚಿಕಿತ್ಸೆಯನ್ನೇನೋ ತಿಳಿಸಿದಿರಿ; ಆದರೆ ಈಗ ಮನೆಮನೆಯಲ್ಲಿಯೂ ನಗ್ಗುತ್ತಿರುವುದು ಚೊಂಬಲ್ಲ, ಕಾರಿನ ಬಂಪರು. ಅದಕ್ಕೇನು ಔಷಧ?" ಎಂದು ನಕ್ಕರು. ಅವರು ಹಾಸ್ಯಕ್ಕಾಗಿ ಆಡಿದ ಮಾತು ನಮ್ಮನ್ನು ಸ್ವಲ್ಪ ಚುಚ್ಚಿತು. ಏಕೆಂದರೆ ನಮ್ಮ ಮನೆಯ ಕಾರಿನ ಬಂಪರು ನಗ್ಗಿ, ಆ ನಗ್ಗನ್ನು ನಾವೇ ಮನೆಯ ಅಂಗಳದಲ್ಲಿ ತೆಗೆದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಆ ಸಂಗತಿಯಲ್ಲಿ ಬಂಪರಿಗಿಂತಲೂ ನಮ್ಮ ನಡತೆಯೇ ಹೆಚ್ಚು ವಿಚಾರಣೀಯವಾಗಿತ್ತು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ಮುಚ್ಚುಮರೆಯಿಲ್ಲದೆ ವಾಚಕರಲ್ಲಿ ನಿವೇದಿಸಿಕೊಳ್ಳುವೆವು.

ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಪುಣೆಯಲ್ಲಿರುವನು. ಸೊಸೆಯೂ ಮೊಮ್ಮಗಳೂ ಮೈಸೂರಿನಲ್ಲಿ ನಮ್ಮೊಡನೆ ಇರುವರು. ಕಳೆದ ವರ್ಷ ನಮ್ಮ ಗೃಹಿಣಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಅದಾದಮೇಲೆ ವಾರಕ್ಕೆ ಮೂರು ದಿವಸ ಫಿಸಿಯೋಥೆರಪಿಗಾಗಿ ಆಸ್ಪತ್ರೆಗೆ ಹೋಗಿಬರಬೇಕಾಗಿತ್ತು. ಆಟೋರಿಕ್ಷಾದಲ್ಲಿ ಕಾಲನ್ನು ಮಡಿಸಿಕೊಂಡು ಕುಳಿತು, ರಸ್ತೆಯ ಪ್ರತಿಯೊಂದು ಉಬ್ಬಿನಲ್ಲಿಯೂ ಹಲ್ಲುಕಚ್ಚಿಕೊಂಡು ಆಕೆ ಹೋಗಿಬರುತ್ತಿದ್ದುದನ್ನು ಕಂಡು ನಮ್ಮ ಸೊಸೆ, ಯಾರೂ ಹೇಳದೆಯೇ, ಬೆಳಗಿನ ಐದೂವರೆ ಗಂಟೆಗೆದ್ದು ತರಬೇತಿಗೆ ಹೋಗಿ ಕಾರು ನಡೆಸುವ ವಿದ್ಯೆಯನ್ನು ಕಲಿತು ಪರವಾನಗಿಯನ್ನೂ ಪಡೆದಳು. ಅತ್ತೆಯ ಕಾಲಿಗಾಗಿ ಸೊಸೆ ಇಷ್ಟು ಶ್ರಮಪಟ್ಟಳೆಂಬ ಹೆಮ್ಮೆಯನ್ನು ನಾವು ಬೀದಿಯಲ್ಲೆಲ್ಲ ಹಂಚಿಕೊಂಡು ಬಂದೆವು.

ನಮ್ಮ ಗೇಟಿನ ಎರಡು ಪಕ್ಕಗಳಲ್ಲಿಯೂ ನಮ್ಮ ತಂದೆಯವರು ನೆಡಿಸಿದ ಕಲ್ಲುಕಂಬಗಳಿವೆ. ಕಾರನ್ನು ಹಿಂದಕ್ಕೆ ತೆಗೆಯುವಾಗ ನಾವು ಹಿಂದೆ ನಿಂತು "ಬಾ, ಬಾ, ಇನ್ನೂ ಬಾ" ಎಂದು ದಾರಿ ತೋರಿಸುವುದು ವಾಡಿಕೆ. ಆ ದಿವಸವೂ ನಿಂತಿದ್ದೆವು. ಅಷ್ಟರಲ್ಲಿ ಕಿಸೆಯಲ್ಲಿದ್ದ ಮೊಬೈಲು ಸದ್ದುಮಾಡಿತು. ಯಾರೋ ಪುಣ್ಯಾತ್ಮರು ಕಳುಹಿಸಿದ ಶುಭೋದಯದ ಚಿತ್ರ. ಕಣ್ಣು ಅದರ ಮೇಲಿತ್ತು. ಬಾಯಿ ಮಾತ್ರ ತನ್ನಷ್ಟಕ್ಕೆ ತಾನು "ಬಾ, ಬಾ" ಎನ್ನುತ್ತಲೇ ಇತ್ತು. ನಂಬಿ ಬರುವವರು ಬಂದರು. ಕಂಬವು ಮಾತ್ರ ಸರಿಯಲಿಲ್ಲ. ಹಿಂದಿನ ಬಂಪರಿನ ಎಡಮೂಲೆಯು ಊಟದ ತಟ್ಟೆಯಷ್ಟಗಲ ಒಳಕ್ಕೆ ಕುಸಿಯಿತು.

ಸೊಸೆ ಇಳಿದು ಬಂದು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ನನ್ನದೇ ತಪ್ಪು ಮಾವ, ನಾನೇ ಇನ್ನೊಂದು ಸಲ ತಿರುಗಿ ನೋಡಬೇಕಾಗಿತ್ತು" ಎಂದಳು. ಆ ಕ್ಷಣದಲ್ಲಿ "ಇಲ್ಲಮ್ಮ, ತಪ್ಪು ನಮ್ಮದು" ಎಂಬ ಮೂರು ಮಾತುಗಳನ್ನು ಆಡಬೇಕಾಗಿದ್ದ ನಾವು, "ಹೋಗಲಿ ಬಿಡಮ್ಮ, ಆದದ್ದಾಯಿತು" ಎಂದೆವು. ಕೇಳುವವರಿಗೆ ಇದು ಔದಾರ್ಯದಂತೆ ತೋರೀತು. ವಾಸ್ತವದಲ್ಲಿ ನಾವು ಆಕೆಯ ಕ್ಷಮಾಯಾಚನೆಯನ್ನು ಸ್ವೀಕರಿಸಿ ನಮ್ಮ ಅಪರಾಧವನ್ನು ಅವಳ ತಲೆಗೆ ಕಟ್ಟಿದ್ದೆವು. ಆ ರಾತ್ರಿ ಮಗನು ದೂರವಾಣಿಯಲ್ಲಿ ವಿಷಯವನ್ನು ಕೇಳಿ, "ಹಿಂದೆ ನೋಡದೆ ಕಾರು ತೆಗೆಯುವವರುಂಟೇ?" ಎಂದು ಹೆಂಡತಿಯ ಮೇಲೆ ಸ್ವಲ್ಪ ಕಟುವಾಗಿಯೇ ಮಾತನಾಡಿದನು. ನಾವು ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಸುಮ್ಮನೆ ಕುಳಿತಿದ್ದೆವು. ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಯಲ್ಲಿ "ತಪ್ಪು ಮಾಡಿದವನು ತಾನಾಗಿ ಎದ್ದು ನಿಲ್ಲಲಿ" ಎಂದು ಗುಡುಗಿದ ನಾಲಿಗೆ ಅಂದು ಏಳಲಿಲ್ಲ.

ಮರುದಿನದಿಂದ ಕಾರಿನ ಬೀಗದ ಕೈ ಗೋಡೆಯ ಮೊಳೆಗೆ ಸೇರಿತು. ನಮ್ಮ ಗೃಹಿಣಿ ಮತ್ತೆ ಆಟೋರಿಕ್ಷಾದಲ್ಲಿ ಹೋಗತೊಡಗಿದಳು. ಒಂದು ದಿವಸ ಬಂದವಳೇ ನೋವು ತಾಳಲಾರದೆ ಮಲಗಿದಳು. ಮುಂದಿನ ಎರಡು ಸರದಿಗಳಿಗೆ ಹೋಗಲೇ ಇಲ್ಲ. ಒಂದು ಅಂಗೈ ಆಳದ ನಗ್ಗು ಒಂದು ಮನೆಯಲ್ಲಿ ಎಷ್ಟು ದೂರ ಹಬ್ಬಬಹುದೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಚಿಕಿತ್ಸೆಯ ವಿಚಾರ. ಕಾರನ್ನು ಮೊದಲು ತೋರಿಸಿದ ಕಾರ್ಖಾನೆಯವರು, ಬಂಪರನ್ನೇ ಬದಲಾಯಿಸಬೇಕು, ಬಣ್ಣವೂ ಸೇರಿ ಹದಿನಾಲ್ಕು ಸಾವಿರ ರೂಪಾಯಿ ಎಂದರು. ಇದಾದ ನಾಲ್ಕು ದಿನಗಳಲ್ಲಿ, ಟಿಂಕರಿಂಗ್ ಕೆಲಸದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಸಂಸ್ಕೃತದಲ್ಲಿ ನಮ್ಮಿಂದ ಮೂವತ್ತೈದು ಅಂಕಗಳನ್ನು ಬಹು ಕಷ್ಟದಿಂದ ಕಿತ್ತುಕೊಂಡು ಹೋದವನು. ಅವನು ಬಂಪರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಬೆರಳುಗಳಿಂದ ಸವರಿ, ಹಿಂದಿನಿಂದ ಕೈಹಾಕಿ ನೋಡಿ, "ಸಾರ್, ಸೀಳಿಲ್ಲ. ಇದಕ್ಕೆ ಹೊಸ ಬಂಪರು ಬೇಡ, ಒಂದು ಹಂಡೆ ಬಿಸಿನೀರು ಸಾಕು" ಎಂದನು. ಮುಂದೆ ಅರ್ಧ ಗಂಟೆಯ ಕಾಲ ಅವನು ಗುರು, ನಾವು ಶಿಷ್ಯರು. ಅವನು ಹೇಳಿದುದನ್ನೂ ಆಮೇಲೆ ನಾವು ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ಬರೆಯುವೆವು.

ನಮ್ಮ ಬಾಲ್ಯದ ಅಂಬಾಸಡರ್ ಕಾರಿಗೆ ಇದ್ದುದು ಮೆರುಗುಕೊಟ್ಟ ಉಕ್ಕಿನ ಪಟ್ಟಿ. ಅದು ಬಗ್ಗಿದರೆ ಸುತ್ತಿಗೆಯ ಕೆಲಸವೇ ಸರಿ. ಈಗಿನ ಕಾರುಗಳಲ್ಲಿ ನಾವು ಬಂಪರೆಂದು ಕರೆಯುವ ವಸ್ತು ವಾಸ್ತವವಾಗಿ ಒಂದು ಹೊದಿಕೆ ಮಾತ್ರ. ಅದರ ಹಿಂದೆ ಅನೇಕ ಕಾರುಗಳಲ್ಲಿ ಪೆಟ್ಟನ್ನು ಹೀರುವ ನೊರೆಪ್ಲಾಸ್ಟಿಕ್ಕಿನ ದಿಂಡೋ ಜಾಲರಿಯಂತಹ ಅಂಗವೋ ಇದ್ದು, ಅದರ ಹಿಂದೆ ಲೋಹದ ಅಡ್ಡತೊಲೆಯಿರುವುದು. ಹೊಡೆತವನ್ನು ತಡೆಯುವುದು ಆ ತೊಲೆ. ಹೊದಿಕೆಯ ಕೆಲಸವು ಗಾಳಿಯನ್ನು ನಯವಾಗಿ ಜಾರಿಸುವುದು, ಅಡ್ಡಬಂದ ಮನುಷ್ಯನಿಗೆ ಉಕ್ಕು ನೇರವಾಗಿ ತಗುಲದಂತೆ ಕಾಪಾಡುವುದು, ಚೆಲುವಾಗಿ ಕಾಣುವುದು. ಫ್ರಾನ್ಸಿನ ರೆನೋ ಸಂಸ್ಥೆಯು ೧೯೭೨ರಲ್ಲಿ ಹೊರತಂದ ರೆನೋ ೫ ಎಂಬ ಕಾರು ಪ್ಲಾಸ್ಟಿಕ್ ಬಂಪರನ್ನು ಧರಿಸಿದ ಮೊದಲಿಗರಲ್ಲೊಂದು. ಅಮೆರಿಕದಲ್ಲಿ ೧೯೭೩ರ ಮಾದರಿಯ ಕಾರುಗಳು ಗಂಟೆಗೆ ೫ ಮೈಲಿ, ಎಂದರೆ ಸುಮಾರು ೮ ಕಿಲೋಮೀಟರು ವೇಗದಲ್ಲಿ ಮುಂದಿನ ಅಡ್ಡಗೋಡೆಗೆ ತಗುಲಿದರೂ ದೀಪವೇ ಮೊದಲಾದ ರಕ್ಷಣಾಂಗಗಳು ಕೆಡಬಾರದೆಂಬ ಕಟ್ಟಳೆ ಜಾರಿಗೆ ಬಂದಿತು. ೧೯೮೨ರಲ್ಲಿ ಅದನ್ನು ಎರಡೂವರೆ ಮೈಲಿಗೆ ಇಳಿಸಿದರು. ಹಗುರವಾಗಿಯೂ ಸುಲಭವಾಗಿ ಅಚ್ಚುಹಾಕುವಂತೆಯೂ ಇರುವುದರಿಂದ ಪ್ಲಾಸ್ಟಿಕ್ ಹೊದಿಕೆಯು ಕಾಲಕ್ರಮದಲ್ಲಿ ಎಲ್ಲೆಡೆಯಲ್ಲಿಯೂ ನೆಲೆಸಿತು.

ಈ ಹೊದಿಕೆಯ ದ್ರವ್ಯವು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅದು ಚಳಿಯಲ್ಲಿ ಒಡೆಯದಿರಲೆಂದು ಒಂದು ಬಗೆಯ ರಬ್ಬರನ್ನು ಬೆರೆಸಿರುವರು. ಬಂಪರಿನ ಹಿಂಭಾಗದಲ್ಲಿ ಆಂಗ್ಲಾಕ್ಷರಗಳಲ್ಲಿ "ಪಿ.ಪಿ." ಎಂದೂ ಅದರ ಪಕ್ಕದಲ್ಲಿ "ಇ.ಪಿ.ಡಿ.ಎಂ." ಎಂದೂ ಅಚ್ಚೊತ್ತಿರುವುದನ್ನು ನೋಡಬಹುದು. ಇಟಲಿಯ ರಸಾಯನಶಾಸ್ತ್ರಜ್ಞರಾದ ಜೂಲಿಯೊ ನಾಟ್ಟಾ ಎಂಬವರು ೧೯೫೪ರಲ್ಲಿ ಈ ಪ್ಲಾಸ್ಟಿಕ್ಕನ್ನು ಕ್ರಮಬದ್ಧವಾದ ಅಣುರಚನೆಯಿಂದ ಸಿದ್ಧಪಡಿಸಿದರು. ೧೯೬೩ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಈ ವಸ್ತುವಿನ ಗುಣವೇನೆಂದರೆ, ಬಿಸಿಮಾಡಿದರೆ ಮೆತ್ತಗಾಗುವುದು, ತಣಿದರೆ ಮತ್ತೆ ಗಟ್ಟಿಯಾಗುವುದು. ಕರಗಬೇಕಾದರೆ ಸುಮಾರು ೧೬೦ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಸಮುದ್ರತೀರದಲ್ಲಿ ನೀರು ೧೦೦ ಡಿಗ್ರಿಯಲ್ಲಿ ಕುದಿಯುವುದು. ಎತ್ತರದ ಮೈಸೂರು ಬೆಂಗಳೂರುಗಳಲ್ಲಿ ೯೭ರ ಸುಮಾರಿನಲ್ಲಿಯೇ ಕುದಿಯುವುದು. ಆದಕಾರಣ ಕುದಿನೀರಿನಿಂದ ಬಂಪರು ಎಂದಿಗೂ ಕರಗಲಾರದು. ಆದರೆ ಅದರ ಬಿಗಿತನವು ಬಹಳಮಟ್ಟಿಗೆ ಸಡಿಲುವುದು. ನಮಗೆ ಬೇಕಾದುದು ಇಷ್ಟೇ. ಹೆಚ್ಚು ಕಾಯದಂತೆ ತಾನೇ ಎಲ್ಲೆಯನ್ನು ಹಾಕಿಕೊಂಡಿರುವ ಶಾಖವೆಂದರೆ ಕುದಿನೀರೊಂದೇ; ಗೃಹಸ್ಥರಿಗೆ ಇದಕ್ಕಿಂತ ನಿರಪಾಯವಾದ ಅಳತೆಗೋಲಿಲ್ಲ.

ಇಲ್ಲಿ ನಮ್ಮ ಶಾಸ್ತ್ರದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ, ಸಂಸ್ಕಾರವೆಂಬ ಗುಣವು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರು ಬಗೆಯಾಗಿರುವುದೆಂಬುದು ತಿಳಿದೇ ಇರುವುದು. ಬೇರೆ ರೀತಿಯಾಗಿ ಮಾಡಲ್ಪಟ್ಟ ವಸ್ತುವನ್ನು ಅದರ ಮೊದಲಿನ ಸ್ಥಿತಿಗೇ ತರುವುದು ಸ್ಥಿತಿಸ್ಥಾಪಕ. ಚಾಪೆಯನ್ನು ಸುರುಳಿ ಸುತ್ತಿ ಬಿಟ್ಟರೆ ಅದು ತಾನಾಗಿ ಬಿಚ್ಚಿಕೊಳ್ಳುವುದನ್ನು ನೆನೆಯಬಹುದು. ಅನುಭವದಿಂದ ಹುಟ್ಟಿ ನೆನಪಿಗೆ ಕಾರಣವಾಗುವುದು ಭಾವನೆ. ಚಾಪೆಯು ಬಿಚ್ಚಿಕೊಳ್ಳುವುದನ್ನೂ ಮನುಷ್ಯನು ನೆನಪಿಟ್ಟುಕೊಳ್ಳುವುದನ್ನೂ ಒಂದೇ ಹೆಸರಿನ ಅಡಿಯಲ್ಲಿ ಇಟ್ಟ ಆ ಹಿರಿಯರ ದೃಷ್ಟಿಯನ್ನು ನಾವು ಪಾಠ ಹೇಳುವಾಗ ಅಷ್ಟಾಗಿ ಗಮನಿಸಿರಲಿಲ್ಲ. ಈಗಿನ ಯಂತ್ರಶಿಲ್ಪಿಗಳೂ ಪ್ಲಾಸ್ಟಿಕ್ಕಿಗೆ ತನ್ನ ಅಚ್ಚಿನ ಆಕಾರದ "ನೆನಪು" ಇರುವುದೆಂದೇ ಹೇಳುವರು. ನಗ್ಗಿದ ಬಂಪರು ತನ್ನ ರೂಪವನ್ನು ಮರೆತುದಲ್ಲ. ಮಧ್ಯವು ಒಳಕ್ಕೆ ಹೋದಾಗ ಸುತ್ತಲಿನ ಅಂಚು ಏಣಿನಂತೆ ಎದ್ದು, ಬೀಗ ಹಾಕಿದಂತೆ ಮಧ್ಯವನ್ನು ಹಿಡಿದುಕೊಂಡಿರುವುದು. ಆ ಬೀಗವನ್ನು ಸಡಿಲಿಸುವುದೇ ಬಿಸಿನೀರಿನ ಕಾರ್ಯ.

ಕೆಲಸಕ್ಕೆ ಕೈಯಿಡುವ ಮುನ್ನ ಪರೀಕ್ಷಿಸತಕ್ಕ ಅಂಶಗಳಿವೆ. ಪ್ಲಾಸ್ಟಿಕ್ಕು ಸೀಳಿದೆಯೇ, ಬಣ್ಣವು ಬಿರಿದಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು. ಬಣ್ಣವು ಬಿರಿದಿದ್ದರೆ, ಇಲ್ಲವೆ ಬಂಪರಿಗೆ ಹೊರಗೆ ಮತ್ತೆ ಬಣ್ಣ ಹಾಕಿಸಿದ್ದರೆ, ಬಿಸಿನೀರಿಗೆ ಅದು ಸಿಪ್ಪೆಯೇಳಬಹುದು. ಬಂಪರಿಗೂ ಪಕ್ಕದ ತಗಡಿಗೂ ನಡುವಣ ಸಂದು ಎರಡು ಕಡೆಗಳಲ್ಲಿಯೂ ಸಮವಾಗಿದೆಯೇ, ದೀಪಗಳು ಉರಿಯುತ್ತಿವೆಯೇ, ಡಿಕ್ಕಿಯ ಬಾಗಿಲು ಸರಿಯಾಗಿ ಮುಚ್ಚುವುದೇ, ಮುಂಭಾಗಕ್ಕೆ ಪೆಟ್ಟಾಗಿದ್ದರೆ ರೇಡಿಯೇಟರಿನಿಂದ ನೀರು ತೊಟ್ಟಿಕ್ಕುತ್ತಿದೆಯೇ, ಕಾರಿನ ಫಲಕದಲ್ಲಿ ಯಾವುದಾದರೂ ಎಚ್ಚರಿಕೆಯ ದೀಪ ಹತ್ತಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಯಾವುದಾದರೊಂದು ಕಂಡರೂ ಮನೆಮದ್ದನ್ನು ಬಿಟ್ಟು ಬಲ್ಲವರಲ್ಲಿಗೆ ಕೊಂಡೊಯ್ಯತಕ್ಕದ್ದು. ಕೆಲವು ಹೊಸ ಕಾರುಗಳಲ್ಲಿ ಬಂಪರಿನ ಹಿಂದೆ, ಎದುರಿನ ವಾಹನವನ್ನು ಗುರುತಿಸುವ ರೇಡಾರುಗಳು ಇರುವುವು. ಅಂತಹ ಎಡೆಯಲ್ಲಿಯೂ ನಮ್ಮ ಕೈಚಳಕ ಬೇಡ. ಆದರೆ ಬರಿಯ ನಗ್ಗಾಗಿದ್ದರೆ ಆತುರಪಡಬೇಕಾದುದೂ ಇಲ್ಲ. ಪ್ಲಾಸ್ಟಿಕ್ಕು ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ.

ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಾವು ಕೆಲಸಕ್ಕೆ ತೊಡಗಿದೆವು. ಸೊಸೆಯನ್ನು ಕರೆದಾಗ ಆಕೆ ಮೊದಲು ಬರಲೊಲ್ಲಳು. "ಒಬ್ಬರಿಂದ ಆಗುವ ಕೆಲಸವಲ್ಲಮ್ಮ, ನೀರು ಸುರಿಯಲು ಒಬ್ಬರು, ನೂಕಲು ಒಬ್ಬರು ಬೇಕು" ಎಂದಮೇಲೆ ಸೆರಗನ್ನು ಸಿಕ್ಕಿಸಿಕೊಂಡು ಬಂದಳು. ಮೊದಲು ಬಂಪರನ್ನು ಸಾಬೂನಿನ ನೀರಿನಿಂದ ತೊಳೆದೆವು. ಮಣ್ಣಿನ ಕಣಗಳಿದ್ದರೆ ಉಜ್ಜಿದಾಗ ಅವೇ ಗೀರುಗಳನ್ನೆಳೆಯುವುವು. ಆಮೇಲೆ ಕಾರನ್ನು ಒಂದು ಗಂಟೆ ಬಿಸಿಲಿಗೆ ಬಿಟ್ಟೆವು. ಇದರಿಂದ ನೀರಿನ ಕೆಲಸ ಅರ್ಧ ಹಗುರವಾಗುವುದು. ಕಾರು ಹೊರಗೆ ಹೋಗಿಬಂದ ಕೂಡಲೇ ಈ ಕೆಲಸವನ್ನು ಮಾಡಕೂಡದು, ಹೊಗೆಕೊಳವೆಯು ಕಾದಿರುವುದು. ಜ್ಯಾಕಿನ ಮೇಲೆ ಎತ್ತಿದ ಕಾರಿನ ಅಡಿಯಲ್ಲಂತೂ ಯಾವ ಕಾರಣಕ್ಕೂ ತಲೆಯಿಡಕೂಡದು. ನಮ್ಮ ಶಿಷ್ಯನು ಚಕ್ರದ ಮೇಲಣ ಗೂಡಿನ ಒಳಹೊದಿಕೆಯನ್ನು ಹಿಡಿದಿದ್ದ ಎರಡು ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಬಿಡಿಸಿ ತೋರಿಸಿದ್ದನು. ಅವುಗಳ ನಡುವಣ ಗುಂಡಿಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಮೀಟಿದರೆ ಕ್ಲಿಪ್ಪು ಕೈಗೆ ಬರುವುದು. ಆ ಸಂದಿನಿಂದ ನಗ್ಗಿನ ಹಿಂದಕ್ಕೆ ಕೈ ಹೋಗುತ್ತಿತ್ತು.

ಆರು ಲೀಟರು ನೀರನ್ನು ಕುದಿಸಿ, ಹಿಡಿಯುಳ್ಳ ಪಾತ್ರೆಯಲ್ಲಿ ತಂದೆವು. ಮೊಮ್ಮಗಳನ್ನು ಅಜ್ಜಿಯ ಬಳಿ ಜಗಲಿಯಲ್ಲಿ ಕುಳ್ಳಿರಿಸಿದೆವು; ಕುದಿನೀರಿನ ಹತ್ತಿರ ಮಕ್ಕಳು ಸುಳಿಯಬಾರದು. ಸೊಸೆಯು ದಪ್ಪನೆಯ ರಬ್ಬರಿನ ಕೈಗವಸುಗಳನ್ನು ತೊಟ್ಟಳು. ನಾವು ಎರಡು ಲೀಟರಿನಷ್ಟು ನೀರನ್ನು ನಗ್ಗಿನ ಮೇಲಂಚಿನಿಂದ ಸಣ್ಣ ಧಾರೆಯಾಗಿ, ಮೊದಲು ಸುತ್ತಲಿನ ಏಣಿನ ಮೇಲೆ, ಅನಂತರ ಮಧ್ಯದ ಮೇಲೆ ಸುರಿದೆವು. ಸುರಿಯುವಾಗ ಹಿಂದೆ ಕೈಯಿರಬಾರದು. ಸುರಿದು ನಿಲ್ಲಿಸಿದ ಮೇಲೆ ಕೈ ಹೋಗಬೇಕು. ನಿಮಿಷದೊಳಗಾಗಿ ಪ್ಲಾಸ್ಟಿಕ್ಕು ತಣಿಯುವುದರಿಂದ ವಿಳಂಬವೂ ಕೂಡದು. ಆಕೆ ಅಂಗೈಯನ್ನು ಪೂರ್ತಿಯಾಗಿ ಊರಿ ನೂಕಿದಳು. ಮುಷ್ಟಿಯಿಂದಾಗಲಿ ಸುತ್ತಿಗೆಯ ಮೂತಿಯಿಂದಾಗಲಿ ನೂಕಿದರೆ ಹೊರಗೆ ಹೊಸ ಗಂಟು ಏಳುವುದು. ಮೊದಲನೆಯ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಮೇಲಂಚು ಬೆರಳಗಲ ಎದ್ದಿತು. ನಮಗೆ ಅಷ್ಟಕ್ಕೇ ಆಸೆ ಹೆಚ್ಚಿ, "ಇನ್ನೂ ಬಲವಾಗಿ ನೂಕಮ್ಮ" ಎಂದೆವು. "ತಣ್ಣಗಾಗಿದೆ ಮಾವ, ಈಗ ನೂಕಿದರೆ ಮಡಿಕೆ ಬೀಳುತ್ತದೆ, ಇನ್ನೊಮ್ಮೆ ನೀರು ಹಾಕಿ" ಎಂದಳು. ಅವಳ ಮಾತೇ ಸರಿ. ತಣಿದುದನ್ನು ಬಲದಿಂದ ತಿದ್ದಹೊರಟರೆ ಮುರಿಯುವುದು. ಇದು ಪಾಠಶಾಲೆಯಲ್ಲಿ ನಾವು ಎಷ್ಟೋ ತಡವಾಗಿ ಕಲಿತ ಪಾಠ. ಮೂರನೆಯ ಸಲ ನೀರು ಬಿದ್ದು ಅವಳ ಅಂಗೈ ಊರಿದ ಕೂಡಲೇ "ಟಪ್" ಎಂಬ ಶಬ್ದವಾಗಿ ನಗ್ಗು ಒಮ್ಮೆಗೇ ಹೊರಕ್ಕೆ ಹಾರಿತು. ಅವಳು ಕೈಯನ್ನು ಹಾಗೆಯೇ ಊರಿಕೊಂಡಿರುವಂತೆ ನಾವು ಹೊರಗಿನಿಂದ ಒಂದು ಬಕೆಟ್ ತಣ್ಣೀರನ್ನು ಸುರಿದೆವು. ತಿದ್ದಿದ ಆಕಾರವು ನೆಲೆಗೊಳ್ಳಲು ಇದು ಅವಶ್ಯಕ.

ಮುಂದಿನ ಸಂಗತಿಯನ್ನು ಹೇಳುವುದಕ್ಕೆ ಮುಂಚೆ ವಿಧಿನಿಷೇಧಗಳನ್ನು ಮುಗಿಸುವೆವು. ದೀಪದ ಗಾಜಿನ ಮೇಲೂ, ಬಂಪರಿನಲ್ಲಿ ಹುದುಗಿಸಿದ ಗುಂಡಿಯಂತಹ ಪಾರ್ಕಿಂಗ್ ಸೆನ್ಸರುಗಳ ಮೇಲೂ ಕುದಿನೀರು ಬೀಳಬಾರದು. ಹಿಂದಿನಿಂದ ಕೈಹೋಗದ ಎಡೆಯಲ್ಲಿ, ಬಿಸಿನೀರು ಸುರಿದು, ಪಾತ್ರೆ ತೊಳೆಯುವ ತೊಟ್ಟಿಯ ಕಟ್ಟನ್ನು ಬಿಡಿಸುವ ರಬ್ಬರಿನ ಬಟ್ಟಲನ್ನು ಒದ್ದೆಮಾಡಿ ಒತ್ತಿ ಹೊರಕ್ಕೆಳೆಯಬಹುದು. ನಯವಾದ ದೊಡ್ಡ ನಗ್ಗಿಗೆ ಇದು ಒದಗುವುದು, ಮೂಲೆಯ ನಗ್ಗಿಗೆ ಒದಗದು. ತಲೆಗೂದಲನ್ನು ಒಣಗಿಸುವ ಯಂತ್ರದ ಬಿಸಿಗಾಳಿಯೂ ಆಗಬಹುದು. ಒಂದು ಗೇಣು ದೂರದಲ್ಲಿ ಹಿಡಿದು ಒಂದೆಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಒದ್ದೆಯ ಕೈಯಿಂದ ಮುಟ್ಟಕೂಡದು. ಕಾರ್ಖಾನೆಗಳಲ್ಲಿ ಬಳಸುವ ಹೀಟ್ ಗನ್ನಿನ ಗಾಳಿಯು ಮುನ್ನೂರು ಡಿಗ್ರಿಯನ್ನೂ ಮೀರಬಲ್ಲುದು; ಅಭ್ಯಾಸವಿಲ್ಲದವರ ಕೈಯಲ್ಲಿ ಅದು ಬಣ್ಣವನ್ನು ಗುಳ್ಳೆಯೇಳಿಸಿ ಪ್ಲಾಸ್ಟಿಕ್ಕನ್ನೇ ಬಳುಕಿಸುವುದು. ಬೆಂಕಿಯ ಜ್ವಾಲೆಯನ್ನಂತೂ ಕಾರಿನ ಹತ್ತಿರ ತರಲೇಕೂಡದು. ಕಂಬದ ಸುಣ್ಣಬಣ್ಣಗಳು ಬಂಪರಿಗೆ ಮೆತ್ತಿದ್ದರೆ, ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಹಗುರವಾಗಿ ಉಜ್ಜಿದರೆ ಹೋಗುವುವು. ಉಗುರು ಸಿಕ್ಕುವಷ್ಟು ಆಳವಾದ ಗೀರು ಇದರಿಂದ ಹೋಗದು. ಸೀಳನ್ನು ಸಾಮಾನ್ಯ ಅಂಟಿನಿಂದ ಕೂಡಿಸಹೊರಡುವುದು ವ್ಯರ್ಥಪ್ರಯಾಸ. ಪಾಲಿಪ್ರೊಪಿಲೀನಿಗೆ ಅಂಟೂ ಬಣ್ಣವೂ ಸುಲಭವಾಗಿ ಹಿಡಿಯವು. ಅದಕ್ಕೆ ಪ್ರತ್ಯೇಕವಾದ ತಳಬಣ್ಣವೂ, ಸೀಳಿಗೆ ಪ್ಲಾಸ್ಟಿಕ್ ಬೆಸುಗೆಯೂ ಬೇಕು. ಇವು ಬಲ್ಲವರ ಕೆಲಸಗಳು.

ವಿಮೆಯ ವಿಚಾರವಾಗಿಯೂ ಎರಡು ಮಾತು. "ವಿಮೆಯಿದೆಯಲ್ಲ, ಬಂಪರನ್ನೇ ಬದಲಾಯಿಸಿದರಾಯಿತು" ಎನ್ನುವವರು ಲೆಕ್ಕವನ್ನು ಹಾಕಿ ನೋಡಬೇಕು. ನಮ್ಮ ದೇಶದ ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುವರು, ೧೫೦೦ ಸಿ.ಸಿ.ವರೆಗಿನ ಕಾರಿಗೆ ಮೊದಲ ೧೦೦೦ ರೂಪಾಯಿಯನ್ನು ನಾವೇ ಹೊರಬೇಕು. ಹದಿನಾಲ್ಕು ಸಾವಿರದಲ್ಲಿ ಬಂಪರಿನ ಬೆಲೆ ಎಂಟು ಸಾವಿರವೆಂದರೆ, ನಾಲ್ಕು ಸಾವಿರ ಸವಕಳಿ, ಮೇಲೆ ಒಂದು ಸಾವಿರ. ಬಣ್ಣದಲ್ಲಿಯೂ ಸ್ವಲ್ಪ ಕಳೆಯುವರು. ಕೈಗೆ ಬರುವುದು ಒಂಬತ್ತು ಸಾವಿರಕ್ಕೂ ಒಳಗೆ. ಇನ್ನು, ಯಾವ ಕ್ಲೇಮೂ ಇಲ್ಲದೆ ವರ್ಷಗಳು ಕಳೆದಂತೆ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಕಂತಿನಲ್ಲಿ ಕ್ರಮವಾಗಿ ನೂರಕ್ಕೆ ೨೦, ೨೫, ೩೫, ೪೫, ೫೦ರಂತೆ ಸೋಡಿ ದೊರೆಯುವುದು. ಒಮ್ಮೆ ಕ್ಲೇಮು ಮಾಡಿದರೆ ಸೋಡಿಯು ಸೊನ್ನೆಗಿಳಿದು ಮತ್ತೆ ಮೊದಲಿನಿಂದ ಏರಬೇಕು. ಐವತ್ತರ ಮೆಟ್ಟಿಲಿನಲ್ಲಿದ್ದವರು ಐದು ವರ್ಷಗಳಲ್ಲಿ ಕಳೆದುಕೊಳ್ಳುವುದು ಕ್ರಮವಾಗಿ ೫೦, ೩೦, ೨೫, ೧೫, ೫, ಒಟ್ಟು ೧೨೫. ಆ ಕಂತು ವರ್ಷಕ್ಕೆ ಎಂಟು ಸಾವಿರವಾಗಿದ್ದು ಹಾಗೆಯೇ ಮುಂದುವರಿದರೆ ನಷ್ಟವು ಹತ್ತು ಸಾವಿರ. ಒಂಬತ್ತನ್ನು ಪಡೆಯಲು ಹತ್ತನ್ನು ತೆತ್ತಂತಾಯಿತು. ಸವಕಳಿಯನ್ನು ಕಳೆಯದ ಅಥವಾ ಸೋಡಿಯನ್ನು ಕಾಪಾಡುವ ವಿಶೇಷ ವಿಮೆಯನ್ನು ಮಾಡಿಸಿದವರ ಲೆಕ್ಕವು ಬೇರೆ.

ಬಂಪರಿಗೆ ಪೆಟ್ಟಾಗದಿರಲೆಂದು ಅದರ ಮುಂದೆ ಉಕ್ಕಿನ ಕೊಳವೆಗಳನ್ನು ಕಟ್ಟಿಸುವವರೂ ಉಂಟು. ಕೇಂದ್ರ ಸರಕಾರವು ೨೦೧೭ರ ಡಿಸೆಂಬರಿನಲ್ಲಿ, ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವನ್ನು ಎತ್ತಿತೋರಿಸಿ, ಇವು ನಿಷಿದ್ಧವೆಂದು ರಾಜ್ಯಗಳಿಗೆ ತಿಳಿಸಿತು. ಅವು ಪಾದಚಾರಿಗಳಿಗೆ ಪ್ರಾಣಾಪಾಯವನ್ನು ತರುವುವು, ಕಾರಿನೊಳಗಿನವರಿಗೂ ಕ್ಷೇಮಕರವಲ್ಲ. ನಗ್ಗುವುದು ಬಂಪರಿನ ದೋಷವಲ್ಲ, ಧರ್ಮ. ತಾನು ನಗ್ಗಿ ಮನುಷ್ಯನನ್ನು ಉಳಿಸಲೆಂದೇ ಅದನ್ನು ಮೆತ್ತಗೆ ಮಾಡಿರುವರು.

ಇನ್ನು ಉಳಿದ ಸಂಗತಿ. ನಗ್ಗು "ಟಪ್" ಎಂದು ಹೊರಕ್ಕೆ ಬಂದಾಗ ನಮ್ಮ ಸೊಸೆ ಅನೇಕ ದಿನಗಳ ಮೇಲೆ ಬಾಯಿತುಂಬ ನಕ್ಕಳು. "ನನ್ನ ತಪ್ಪು ನನ್ನ ಕೈಯಿಂದಲೇ ಹೋಯಿತು ಮಾವ" ಎಂದಳು. ಆ ಮಾತನ್ನು ಕೇಳಿಕೊಂಡು ಸುಮ್ಮನಿರಲು ನಮ್ಮಿಂದ ಆಗಲಿಲ್ಲ. ಖಾಲಿ ಪಾತ್ರೆಯನ್ನು ಕೆಳಗಿಟ್ಟು, ಆ ದಿನ ನಾವು ಕಾರನ್ನು ನೋಡುತ್ತಿರಲಿಲ್ಲವೆಂದೂ ಮೊಬೈಲನ್ನು ನೋಡುತ್ತ "ಬಾ, ಬಾ" ಎಂದೆವೆಂದೂ ಹೇಳಿದೆವು. ಅವಳು ಕೈಗವಸುಗಳನ್ನು ನಿಧಾನವಾಗಿ ಬಿಚ್ಚಿ, "ನನಗೆ ಗೊತ್ತಿತ್ತು ಮಾವ. ಕನ್ನಡಿಯಲ್ಲಿ ನಿಮ್ಮ ಕೈಯಲ್ಲಿದ್ದ ಮೊಬೈಲು ಕಾಣುತ್ತಿತ್ತು" ಎಂದಳು.

"ಮತ್ತೆ ಏಕಮ್ಮ ಹೇಳಲಿಲ್ಲ?"

"ನೀವು 'ಬಾ' ಅಂದಿರಿ, ನಂಬಿ ಬಂದೆ. ಆಮೇಲೆ ನೀವೇ ಹೇಳುತ್ತೀರಿ ಅಂತ ಕಾದೆ."

ಈ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. ಜಗಲಿಯ ಮೇಲಿದ್ದ ಗೃಹಿಣಿ ಎಲ್ಲವನ್ನೂ ಕೇಳಿಸಿಕೊಂಡು, "ಅವನಿಗೂ ಹೇಳಿ" ಎಂದಿಷ್ಟೇ ಹೇಳಿದಳು. ಆ ಸಂಜೆ ಪುಣೆಗೆ ದೂರವಾಣಿ ಮಾಡಿ ಮಗನಿಗೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, "ಅಪ್ಪ, ಫೋನನ್ನು ಅವಳಿಗೆ ಕೊಡಿ" ಎಂದನು. ನಾವು ಕೊಟ್ಟು ಹೊರಗೆ ಬಂದು ಗೇಟಿನ ಬಳಿ ನಿಂತೆವು.

ಮರುದಿನ ಸೋಮವಾರ. ಒಂಬತ್ತು ಗಂಟೆಗೆ ಸೊಸೆ ಮೊಳೆಯಿಂದ ಬೀಗದ ಕೈಯನ್ನು ತೆಗೆದುಕೊಂ‌ಡಳು. ಗೃಹಿಣಿ ಮುಂದಿನ ಪೀಠದಲ್ಲಿ ಕಾಲನ್ನು ನೀಡಿಕೊಂಡು ಕುಳಿತಳು. ನಾವು ಮೊಬೈಲನ್ನು ದೇವರ ಮನೆಯ ಗೂಡಿನಲ್ಲಿಟ್ಟು ಬಂದು, ಎರಡು ಕೈಗಳನ್ನೂ ಅವಳಿಗೆ ಕಾಣುವಂತೆ ಎತ್ತಿ ಹಿಡಿದು ಕಂಬದ ಪಕ್ಕದಲ್ಲಿ ನಿಂತೆವು. ಕಾರು ಕಂಬಕ್ಕೆ ಎರಡು ಗೇಣು ದೂರದಲ್ಲಿ ಬಂದು, ತಿರುಗಿ, ರಸ್ತೆಗೆ ಇಳಿಯಿತು.

ಬಂಪರು ಸಂಪೂರ್ಣವಾಗಿ ಮೊದಲಿನಂತಾಯಿತೆಂದು ಹೇಳಿದರೆ ಸುಳ್ಳಾಗುವುದು. ಇಳಿಹೊತ್ತಿನ ಬಿಸಿಲು ಓರೆಯಾಗಿ ಬಿದ್ದಾಗ ಎಡಮೂಲೆಯಲ್ಲಿ ಒಂದು ಸಣ್ಣ ಗೆರೆ ಈಗಲೂ ಕಾಣುವುದು. ಶಿಷ್ಯನು ಅದನ್ನೂ ತೆಗೆದುಕೊಡುವೆನೆಂದನು. ನಾವು ಬೇಡವೆಂದೆವು. ಕಾರನ್ನು ಹಿಂದಕ್ಕೆ ತೆಗೆಯುವಾಗ ಅದು ನಮ್ಮ ಕಣ್ಣೆದುರಿಗೇ ಬರುವುದು. ನಮಗೆ ಅದರಿಂದ ಉಪಯೋಗವಿದೆ.